ಕೊನೆಯ ಭಾಗಾಕಾರ

ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ 1022117 ಎಂದು ಬರೆದು, ಕಲ್ಲುಕೆಲಸದವನು ಅಂಗಳದಿಂದಲೇ ಕೂಗಿದ: "ಕೆಳಗೆ 'ಅವಿಭಾಜ್ಯ ಸಂಖ್ಯೆ' ಅಂತ ಕೆತ್ತಿಬಿಡ್ಲಾ ಮೇಡಂ? ಮಣ್ಣು ಮಾಡೋ ಹೊತ್ತಿಗೆ ಕಲ್ಲು ಸಿದ್ಧ ಇರ್ಬೇಕು."

"ಐದು ನಿಮಿಷ ತಡೀರಿ," ಎಂದಳು ಮಗಳು. ಶಾಲೆಯಲ್ಲಿ ಗಣಿತ ಕಲಿಸುವವಳು. ಲೆಕ್ಕ ಕಲ್ಲಿಗೇರುವ ಮುನ್ನ ಅಪ್ಪನ ಹಳೆಯ ನೋಟುಬುಕ್ಕನ್ನು ಸುಮ್ಮನೆ ತಿರುವಿದ್ದಳು. ಕೊನೆಯ ಪುಟದ ಲೆಕ್ಕವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿದಳು; ತಾಳೆಯಾಗಲಿಲ್ಲ.

ನಡುಮನೆಯಲ್ಲಿ ಮಲಗಿಸಿದ್ದ ಅಪ್ಪನ ಸುತ್ತ, ಅವನ ಜೊತೆ ದುಡಿದ ನೀರಿನ ಮೀಟರು ರಿಪೇರಿ ಅಂಗಡಿಯವರು ಕೂತಿದ್ದರು. ಅವರಿಗೆಲ್ಲ ಅವನು ಭಾಗಾಕಾರದಣ್ಣ.

"ನಮ್ಮನೆ ಮೀಟರ್ ನಂಬರ್ ನೋಡಿ, 'ಇದನ್ನ ಹನ್ನೊಂದು ತಿಂದುಹಾಕುತ್ತೆ ಕಣಯ್ಯಾ' ಅಂದಿದ್ದ ಪುಣ್ಯಾತ್ಮ," ಎಂದನೊಬ್ಬ.

"ತನ್ನ ಕೆಲಸದ ಬಿಲ್ಲೆ ಮೇಲಿನ ನಂಬರ್ ಮಾತ್ರ ಯಾರ ಕೈಗೂ ಸಿಗಲ್ಲ ಅಂತ ಎಷ್ಟು ಜಂಬ!"

ನಗುತ್ತಲೇ ಕಣ್ಣೊರೆಸಿಕೊಂಡರು. ಸಮಾಧಿಯ ಮೇಲೆ ಆ ಸಂಖ್ಯೆ, ಅದರ ಜಾತಿ, ಅಷ್ಟೇ ಇರಲಿ ಎಂದು ಅವನೇ ಹೇಳಿಟ್ಟಿದ್ದ.

*

ಮೂವತ್ತೆಂಟು ವರ್ಷದ ಹಿಂದೆ, ಒಂದಿಡೀ ಚಳಿಗಾಲ ಅವನು ಆ ಸಂಖ್ಯೆಯ ಬೆನ್ನು ಹತ್ತಿದ್ದ. ಅದು ಅವಿಭಾಜ್ಯವೆಂದು ಸಾಬೀತಾಗಲು, ಸಾವಿರದ ಹನ್ನೊಂದರೊಳಗಿನ ಅವಿಭಾಜ್ಯಗಳೆಲ್ಲದರಿಂದ ಭಾಗಿಸಿ ನೋಡಬೇಕು. ಒಟ್ಟು ನೂರ ಅರವತ್ತೊಂಬತ್ತು. ಮೂರರಿಂದ ಭಾಗಿಸಿದರೆ ಎರಡು ಉಳಿಯಿತು, ಏಳರಿಂದ ಐದು. ಹೀಗೆ ನೂರ ಅರವತ್ತೆಂಟು ಸೋತವು. ಕೊನೆಯದರ ಹೊತ್ತಿಗೆ ಜ್ವರ ಬಂದು ಮಲಗಿದ.

"ಇದೊಂದೇ ಉಳಿದಿರೋದು, ನೀನೇ ಮಾಡೇ," ಎಂದು ಹೆಂಡತಿಯ ಕೈಗೆ ಪೆನ್ಸಿಲ್ ಕೊಟ್ಟ.

*

ಮಗಳು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ಕೊನೇ ಲೆಕ್ಕ ನಿನ್ನ ಕೈಬರಹ. 1009ರಿಂದ ಭಾಗಿಸಿ, ಭಾಗಲಬ್ಧ 1013, ಶೇಷ ನಾಲ್ಕು ಅಂತ ಬರೆದಿದ್ದೀಯ."

ಅಮ್ಮ ತಲೆ ಎತ್ತಲಿಲ್ಲ. "ಸೊನ್ನೆ ಬಂದಿತ್ತು ಕಣೇ. ಜ್ವರದಲ್ಲೂ ಕಣ್ಣು ಬಿಟ್ಕೊಂಡು ನನ್ನ ಮುಖಾನೇ ನೋಡ್ತಿದ್ರು. ಹೇಗೆ ಹೇಳ್ಲಿ? ಕೈಗೆ ಬಂದದ್ದು ಬರೆದೆ. ಈಗ ಅದನ್ನ ಕಲ್ಲಿನ ಮೇಲೆ ಕೆತ್ತಿಸೋದಾ, ಬಿಡೋದಾ, ನನಗೊಂದೂ ತೋಚ್ತಿಲ್ಲ."

ಮಗಳು ಪುಟ ಮಗುಚಿ ಕಿಟಕಿಯ ಬೆಳಕಿಗೆ ಹಿಡಿದಳು. ಮೇಲೆ ಮರುವಾರದ ತಾರೀಖು, ಅಪ್ಪನ ಅಕ್ಷರ. ಕೆಳಗೆ ರಬ್ಬರಿನಿಂದ ಉಜ್ಜಿದ್ದರೂ ಪೆನ್ಸಿಲಿನ ಗೀರು ಉಳಿದಿತ್ತು: 1009ನ್ನು 1013ರಿಂದ ಗುಣಿಸಿದ ಲೆಕ್ಕ. ಉತ್ತರ ಸರಿಯಾಗಿ ಬಂದಿತ್ತು.

"ಜ್ವರ ಬಿಟ್ಟ ವಾರಾನೇ ಗುಣಿಸಿ ನೋಡಿದಾರೆ ಅಮ್ಮಾ. ಆಮೇಲೆ ಅಳಿಸಿದಾರೆ."

ಅಮ್ಮ ಆ ಗೀರುಗಳ ಮೇಲೆ ಬೆರಳಾಡಿಸಿದಳು. "ಗೊತ್ತಿದ್ದೂ ಇಷ್ಟು ವರ್ಷ ನನ್ನೆದುರಿಗೇ ಜಂಬ ಕೊಚ್ಕೊಂಡ್ರಾ? ಕಳ್ಳ!" ನಗು ಬಂತು, ಅದರ ಹಿಂದೆಯೇ ಬೆಳಗಿನಿಂದ ಬಾರದ ಅಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು ಕೇಳಿದಳು: "ಈ ಎರಡು ನಂಬರನ್ನಾದ್ರೂ ಯಾರೂ ಭಾಗಿಸೋಕಾಗಲ್ಲ ತಾನೇ?"

"ಇಲ್ಲಮ್ಮ. ಎರಡೂ ಅವಿಭಾಜ್ಯನೇ."

ಅಮ್ಮ ಅಂಗಳಕ್ಕೆ ಬಂದು, ಕಲ್ಲಿನ ಮೇಲಿನ ಸಂಖ್ಯೆಯನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣ ತೆಗೆದುಕೊಂಡು ತಾನೇ ಬರೆದಳು: 1009 ×

ಕಲ್ಲುಕೆಲಸದವನು ಕಾದು ನೋಡಿದ. "ಮುಂದಿಂದು?"

"ಅಷ್ಟು ಜಾಗ ಹಾಗೇ ಬಿಡಪ್ಪ," ಎಂದಳು ಅಮ್ಮ. "ಅದನ್ನ ನಾನೂ ಅವರ ಪಕ್ಕಕ್ಕೆ ಬಂದಾಗ ಕೆತ್ತಿದ್ರಾಯ್ತು."