ಹಗ್ಗ ಹಿಡಿದವಳ ಉಸಿರು

ನಮ್ಮ ಸಪ್ನಾಳ ಅಪ್ಪನ ಹೆಸರನ್ನು ನಾನು ಹೇಳುವುದಿಲ್ಲ. ಬಸವಕಲ್ಯಾಣ ತಾಲೂಕಿನಲ್ಲಿ ಬಾವಿ ಇರುವವರಿಗೆಲ್ಲ ಅದು ಗೊತ್ತೇ ಇದೆ. ಕೊಡ ಬಿದ್ದರೆ, ಮೋಟರು ಕಳಚಿಕೊಂಡು ತಳ ಸೇರಿದರೆ, ಪಾತಾಳಗರಡಿಯ ಕೊಕ್ಕೆಗಳಿಗೂ ಸಿಗದಿದ್ದರೆ ಇವರಿಗೆ ಫೋನು ಬರುತ್ತದೆ. ಇವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ. ಹಗ್ಗದ ಈಚೆಯ ತುದಿ ನನ್ನ ಕೈಯಲ್ಲಿ. ಇಪ್ಪತ್ನಾಲ್ಕು ವರ್ಷದಿಂದ ಇದೇ ನಮ್ಮ ಸಂಸಾರ.

ಹಗ್ಗ ಹಿಡಿಯುವುದನ್ನು ನನಗೆ ಕಲಿಸಿದವರು ನಮ್ಮ ಅತ್ತೆ ಸುಂದರಬಾಯಿ. “ಅಂವ ಮುಳುಗಿದ ಕೂಡ್ಲೆ ನೀನೂ ಉಸಿರು ಕಟ್ಟು. ನಿನ್ನ ಉಸಿರು ಮುಗೀತಂದ್ರ ಎಳಿ. ಅಂವಂದು ನಿನಗಿಂತ ಸ್ವಲ್ಪ ಜಾಸ್ತಿ ಇರ್ತದ, ಅಷ್ಟರಾಗ ಮ್ಯಾಲ ಬರ್ತಾನ” ಎಂದಿದ್ದರು. ಗಡಿಯಾರ ನೋಡಿದರೆ ಆಗದೇ ಎಂದು ಕೇಳಿದ್ದಕ್ಕೆ “ಗಡಿಯಾರಕ್ಕ ಎದಿ ಉರೀತದೇನು?” ಎಂದು ನನ್ನ ಬಾಯಿ ಮುಚ್ಚಿಸಿದರು. ಕೆಳಗಿನವರು ಎರಡು ಸಲ ಜಗ್ಗಿದರೂ ಎಳೆಯಬೇಕು ಎಂಬ ಕರಾರಿದೆ. ಆದರೆ ಇಷ್ಟು ವರ್ಷಗಳಲ್ಲಿ ಇವರು ಒಮ್ಮೆಯೂ ತಾವಾಗಿ ಜಗ್ಗಿದವರಲ್ಲ. ನನಗೆ ಕಣ್ಣುಕತ್ತಲೆ ಬಂದು ನಾನೇ ಎಳೆಯಬೇಕು. ಮೇಲೆ ಬಂದವರು “ಇನ್ನೊಂದು ಘಳಿಗಿ ಬಿಟ್ಟಿದ್ರ ಸಿಗ್ತಿತ್ತು” ಎಂದು ನನ್ನ ಮೇಲೆಯೇ ಹರಿಹಾಯುತ್ತಾರೆ.

ಹೋದ ವರ್ಷ ಮುಡಬಿಯ ಬಾವಿಯೊಂದರ ಕಟ್ಟೆಯ ಮೇಲೆ ಒಬ್ಬ ಮುದುಕಿ “ನೀನೂ ಕೆಲಸ ಮಾಡ್ತೀಯೇನವ್ವಾ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಇವರು ತಲೆ ಒರೆಸಿಕೊಳ್ಳುತ್ತ, “ಆಕೀದೇನದ? ಹಗ್ಗ ಹಿಡ್ಕೊಂಡು ನಿಲ್ತಾಳ. ಗೂಟಕ್ಕ ಕಟ್ಟಿದ್ರೂ ನಡೀತದ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಗೂಟ ನನ್ನ ಎದೆಯಲ್ಲಿ ಹೂತು ಕೂತುಬಿಟ್ಟಿತು. ಜಗಳವಾಡಿ ತಿಳಿಸುವ ಮಾತಲ್ಲ ಅದು. ಈ ಮನುಷ್ಯ ಒಂದೇ ಒಂದು ಸಲ ಮೇಲೆ ನಿಂತು ನೋಡಲಿ ಎಂದುಕೊಂಡೆ. ಅದಕ್ಕೆ ಅಂಡಮಾನಿನವರೆಗೆ ಹೋಗಬೇಕಾದೀತು ಎಂದು ಮಾತ್ರ ಎಣಿಸಿರಲಿಲ್ಲ.

ನಮ್ಮ ಅಳಿಯ, ಸಪ್ನಾಳ ಗಂಡ ಧನರಾಜ, ಹುಡಗಿ ಎಂಬ ಊರಿನವನು. ಮೊದಲು ಹುಮನಾಬಾದಿನ ಹೈವೇ ಬದಿಯಲ್ಲಿ ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದ. ಈಗ ಅಂಡಮಾನಿನಲ್ಲಿ, ಸಮುದ್ರಕ್ಕೆ ಇಳಿಯುವವರ ಸಿಲಿಂಡರಿಗೆ ಗಾಳಿ ತುಂಬುತ್ತಾನೆ. ಗಾಳಿ ಅದೇ, ಗಿರಾಕಿ ಬೇರೆ. ಈ ಮಾರ್ಚಿನಲ್ಲಿ ಅವನ ಕಂಪನಿಯ ಹಾಯಿದೋಣಿ ಮೂರು ದಿನ ಖಾಲಿ ಇತ್ತು. ಕಂಪನಿಯ ಮಾಲೀಕರನ್ನು ಒಪ್ಪಿಸಿ ನಮ್ಮನ್ನು ಕರೆಸಿಕೊಂಡ. ಇವರು ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸು ಬರುವವರೆಗೆ, ಗುರುತಿದ್ದವರು ಇಲ್ಲದವರು ಎನ್ನದೆ, “ಸಮುದ್ರಕ್ಕ ಇಳ್ಯಾಕ ಹೊಂಟೀನ್ರಿ” ಎಂದು ಸಾರಿದರು.

ಎರಡು ದಿನ ದೋಣಿ ದ್ವೀಪದಿಂದ ದ್ವೀಪಕ್ಕೆ ಸುತ್ತಿತು. ಗಾಳಿ ಹಾಯಿಗೆ ಬಡಿದು ದೋಣಿ ಒಂದು ಮಗ್ಗುಲಿಗೆ ವಾಲಿದಾಗೆಲ್ಲ ನಾನು ದೇವರನ್ನು ನೆನೆದೆ, ಸಪ್ನಾ ನಕ್ಕಳು. ನಮ್ಮ ಬಾವಿಗಳ ನೀರು ಕಪ್ಪು. ಇಲ್ಲಿ ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದದ್ದೂ ಕಾಣುತ್ತಿತ್ತು. ಇವರು ಅದನ್ನೇ ನೋಡುತ್ತ ಕೂತಿದ್ದರು. ಇಷ್ಟು ವರ್ಷ ತಡಕಾಡಿದ್ದ ತಳವನ್ನು ಕಣ್ಣಾರೆ ನೋಡುವ ಆಸೆ ಪಾಪ ಅವರಿಗೂ ಇತ್ತು.

ಮೂರನೆಯ ದಿನ ಬೆಳಿಗ್ಗೆ ಎದೆಮಟ್ಟದ ನೀರಿನಲ್ಲಿ ಪಾಠ. ಕಲಿಸುವವಳು ಫರಹತ್, ಹೈದರಾಬಾದಿನ ಹುಡುಗಿ. ಅವಳ ಉರ್ದು ನಮ್ಮ ಪೇಟೆಯಲ್ಲಿ ಆಡುವ ಉರ್ದುವಿನ ಹಾಗೆಯೇ ಇತ್ತು, ಎಲ್ಲ ತಿಳಿಯಿತು. ಎಲ್ಲಕ್ಕಿಂತ ದೊಡ್ಡ ನಿಯಮ, ಉಸಿರು ಕಟ್ಟಬಾರದು. ಕೊಳವೆಯಿಂದ ಎಳೆದುಕೊಳ್ಳುತ್ತ ಬಿಡುತ್ತ ಇರಬೇಕು, ಕಟ್ಟಿಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಎದೆಗೆ ಪೆಟ್ಟಾಗುತ್ತದೆ ಎಂದಳು. “ಟೈರಿಗೆ ಗಾಳಿ ಜಾಸ್ತಿ ಆದಂಗ್ರಿ ಮಾಮಾ” ಎಂದ ಧನರಾಜ.

ಇವರು ತಲೆಯಾಡಿಸಿ ಮುಳುಗಿದರು. ಮೇಲೆ ಒಂದು ಗುಳ್ಳೆಯೂ ಬರಲಿಲ್ಲ. ಫರಹತ್ ಎಬ್ಬಿಸಿದಳು. ಎರಡನೆಯ ಸಲವೂ ಗುಳ್ಳೆ ಇಲ್ಲ. ಆರು ಸಲ ಆಯಿತು. ಬಾಯಲ್ಲಿ ಗಾಳಿಯ ಕೊಳವೆ ಇಟ್ಟುಕೊಂಡೇ ಉಸಿರು ಕಟ್ಟುತ್ತಿದ್ದರು. ನೀರು ಮುಖಕ್ಕೆ ತಾಕಿದ ಕೂಡಲೆ ಎದೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಗೆ ಫರಹತ್, ಇವರನ್ನು ಇಳಿಸಲಾರೆ, ತಪ್ಪು ತಿಳಿಯಬೇಡಿ ಎಂದಳು. ಇವರು ಮುಖ ತಿರುಗಿಸಿ ದೋಣಿ ಹತ್ತಿದರು.

“ಅವ್ವಾ, ನೀ ಇಳಿ” ಎಂದಳು ಸಪ್ನಾ.

“ಆಕಿಗಿ ಈಜೇ ಬರಂಗಿಲ್ಲ!” ಎಂದರು ಇವರು.

ನನಗೆ ಎಲ್ಲಿತ್ತೋ ರೋಷ. “ಈಜು ಬರ್ಲಿಲ್ಲಂದ್ರೂ ನಡೀತದಂತ. ಗೂಟ ಇಳೀತದ, ನೋಡ್ರಿ” ಎಂದೆ.

ಸೀರೆ ಬಿಟ್ಟು ರಬ್ಬರಿನ ಅಂಗಿ ತೊಟ್ಟೆ. ನಾಚಿಕೆಗಿಂತ ನಗು ಹೆಚ್ಚು ಬಂತು. ನನ್ನ ಗುಳ್ಳೆಗಳು ಮೊದಲ ಸಲಕ್ಕೇ ಬುಳುಬುಳು ಎಂದು ಎದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ನಾನು ಉಸಿರು ಕಟ್ಟುವುದು ಇವರು ಮುಳುಗಿದಾಗ. ಇವರು ದೋಣಿಯಲ್ಲಿ ಕೂತಿರುವಾಗ ಯಾಕೆ ಕಟ್ಟಲಿ?

“ಹಗ್ಗ ಎಲ್ಲಿ?” ಎಂದು ಇವರು ಕೇಳಿದರು. ಹಗ್ಗ ಇರುವುದಿಲ್ಲ, ನಾನೇ ಕೈಹಿಡಿದಿರುತ್ತೇನೆ ಎಂದಳು ಫರಹತ್. “ಹಗ್ಗ ಇಲ್ದ ಹ್ಯಾಂಗ ಕಳಸ್ತೀರಿ?” ಎನ್ನುತ್ತಿದ್ದಂತೆ ನಾವು ಮುಳುಗಿದೆವು.

ಕೆಳಗೆ ಅರಿಶಿನ ಬಣ್ಣದ ಮೀನುಗಳಿದ್ದವು, ಕಲ್ಲಿನಲ್ಲಿ ಹೂಕೋಸು ಬೆಳೆದಂಥ ಹವಳವಿತ್ತು. ಯಾರೂ ಕರೆಯಲಿಲ್ಲ, ಯಾರಿಗಾಗಿಯೂ ನಾನು ಹೆದರಲಿಲ್ಲ. ಇಪ್ಪತ್ತು ನಿಮಿಷ ನನ್ನ ಉಸಿರನ್ನು ನಾನೇ ಆಡಿದೆ. ಸುಖವಾಗಿತ್ತು.

ಮೇಲೆ ಬಂದಾಗ ಇವರು ದೋಣಿಯ ಅಂಚು ಹಿಡಿದು ಕೂತಿದ್ದರು. ಮುಖ ಕಪ್ಪಿಟ್ಟಿತ್ತು. ಧನರಾಜ ಅವರ ರಟ್ಟೆ ಹಿಡಿದಿದ್ದ.

“ಅಪ್ಪ ನೀ ಮುಳುಗಿದಾಗಿಂದ ಉಸಿರು ಕಟ್ಟಾಕತ್ತಾನ” ಎಂದಳು ಸಪ್ನಾ. “ಬಿಡ್ತಾನ, ಮತ್ತ ಕಟ್ತಾನ. ಗುಳ್ಳಿ ಬರಾಕತ್ತಾವ, ಅವ್ವ ಆರಾಮ ಅದಾಳ ಅಂದ್ರೂ ಕೇಳವಲ್ಲ. ಎರಡು ಸಲ ಜಿಗ್ಯಾಕ ಹೋದ.”

ಇವರು ನನ್ನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು. ನಾನು ಕೂತ ಮೇಲೂ ಬಿಗಿಹಿಡಿದ ಕೈ ಬಿಡಲಿಲ್ಲ. ಗೆದ್ದೆ ಎಂದು ನನಗೆ ಹಿಗ್ಗಾಗಬೇಕಿತ್ತು, ಆಗಲಿಲ್ಲ. ನಾನು ಹೀಗೆ ಎಷ್ಟು ಬಾವಿಗಳ ಮೇಲೆ ಹಗ್ಗ ಬಿಗಿಹಿಡಿದು ನಿಂತಿದ್ದೇನೆ ಎಂದು ನೆನೆದು ಅಳು ಬಂತು. ಹೇಗೂ ಮೈಯೆಲ್ಲ ಉಪ್ಪುನೀರು, ಯಾರಿಗೂ ಗೊತ್ತಾಗಲಿಲ್ಲ. ಇವರು ಏನಾದರೂ ಹೇಳುತ್ತಾರೆಂದು ಊರು ಮುಟ್ಟುವವರೆಗೂ ಕಾದೆ.

ಮೊನ್ನೆ ನಾರಾಯಣಪುರದ ನಬೀಸಾಬರ ಬಾವಿಯಲ್ಲಿ ಮೋಟರು ಬಿತ್ತು. ಇವರು ಹಗ್ಗ ಕಟ್ಟಿಕೊಂಡು ಇಳಿದರು, ಮುಳುಗಿದರು. ನಾನು ಎಂದಿನಂತೆ ಉಸಿರು ಕಟ್ಟಿ ನಿಂತೆ. ಎದೆಯಲ್ಲಿ ಇನ್ನೂ ಅರ್ಧದಷ್ಟು ಉಸಿರು ಉಳಿದಿತ್ತು, ಆಗ ಹಗ್ಗ ಅಲುಗಿತು. ಕಲ್ಲಿಗೆ ಸಿಕ್ಕಿರಬೇಕು ಎಂದುಕೊಂಡೆ. ಮತ್ತೊಮ್ಮೆ ಅಲುಗಿತು. ಏನೋ ಆಗಬಾರದ್ದು ಆಯಿತೆಂದು ಗಾಬರಿಯಿಂದ ಎಳೆದೆ. ಇವರು ಬರಿಗೈಯಲ್ಲಿ ಮೇಲೆ ಬಂದು, ಮೆಟ್ಟಿಲ ಕಲ್ಲು ಹಿಡಿದು ನಿಂತರು.

“ಸಿಗ್ಲಿಲ್ಲೇನು ದತ್ತಣ್ಣಾ?” ಎಂದರು ನಬೀಸಾಬ್.

“ಕೈಗಿ ತಾಕಿತ್ರಿ.”

“ಮತ್ತ ಯಾಕ ಬಂದ್ರಿ?”

ಇವರು ಕತ್ತೆತ್ತಿ ನನ್ನನ್ನು ನೋಡಿದರು.

“ಮೊದಲ ನೀ ಉಸಿರು ತಗೋ” ಎಂದರು. “ಆಮ್ಯಾಲ ಇಳೀತೀನಿ.”