ಹಗ್ಗ ಮುಟ್ಟಿದವರಿಗೆಲ್ಲ ಪಾಲು

ಹೊನ್ನಾವರದ ಕಡಲಂಚಿನ ಮೀನುಗಾರರ ಸೊಸೈಟಿಯಲ್ಲಿ ದೀಪಾ ತನ್ನ ಕುರ್ಚಿಯಲ್ಲಿ ಕೂತು ಒಂದು ಬೆರಳು ಆಡಿಸಿದರೆ ಸಾಕು, ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿ ಎದ್ದು ನಿಲ್ಲುತ್ತಿತ್ತು. ಸುಳ್ಳಲ್ಲ. ಸೊಸೈಟಿಯ ಚಾಟ್ ಆ್ಯಪ್‌ನಲ್ಲಿ ಭಟ್ಕಳದ ಐಸಿನವರಿಗೊಂದು ಚಾನೆಲ್, ಕುಮಟೆಯ ಮೀನುಪೇಟೆಗೊಂದು, ಕತಗಾಲದ ದಾರಿಯ ಟೆಂಪೋದವರಿಗೊಂದು, ಮೀನು ಮಾರುವ ಹೆಂಗಸರಿಗೊಂದು, ಕೊನೆಗೆ ವಾಲಿಬಾಲ್ ಟೀಮಿಗೂ ಒಂದು. ಆಕಾಶದ ಚುಕ್ಕಿಯನ್ನಾದರೂ ಎಣಿಸಬಹುದಿತ್ತು, ಈ ಚಾನೆಲ್‌ಗಳನ್ನಲ್ಲ. ಒಂದೊಂದಕ್ಕೂ ಬೇರೆಬೇರೆಯಾಗಿ ಬರೆಯುತ್ತ ಕೂತರೆ ಈ ಮಳೆಗಾಲ ಹೋಗಿ ಮುಂದಿನ ಮಳೆಗಾಲ ಬಂದೀತೆಂದು, ಆ್ಯಪ್ ಮಾಡಿದ ಪುಣ್ಯಾತ್ಮ ‘ಎಲ್ಲರಿಗೂ’ ಎಂಬ ಬಟನ್ ಇಟ್ಟಿದ್ದ.

ಆ ಬಟನ್ನನ್ನು ದೀಪಾ ಮುಟ್ಟುವಂತಿರಲಿಲ್ಲ. ಕಾರಣ, ತೆಂಗಿನಕಾಯಿ.

ಹೋದ ತಿಂಗಳು, ಟೆಂಪೋ ಓಡಿಸುವ ತಮ್ಮ ಅಜಯನಿಗೆ ‘ಕಾಯಿ ಮುಗಿದಿದೆ, ಬರೂವಾಗ ಎರಡು ತಕಂಡು ಬಾ’ ಎಂದು ಬರೆದವಳು ಕೈತಪ್ಪಿ ಎಲ್ಲರಿಗೂ ಕಳಿಸಿಬಿಟ್ಟಳು. ಸೊಸೈಟಿಯಿಂದ ಬಂದ ಮಾತು, ಯಾಕೆಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೂ ಎರಡೆರಡು ತಂದು ಸುರಿದರು. ಸಂಜೆಯೊಳಗೆ ಆಫೀಸಿನಲ್ಲಿ ಕಾಯಿಯ ಗುಡ್ಡವೇ ಎದ್ದು, ಅದಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡ ಅಧ್ಯಕ್ಷ ಮಧುಸೂದನರನ್ನು ಸುರಂಗ ತೋಡಿ ಹೊರತೆಗೆಯಬೇಕಾಯಿತು. ಅವರು ಮೈಮೇಲಿನ ನಾರು ಕೊಡವುತ್ತ ಹೇಳಿದ್ದು ಒಂದೇ ಮಾತು: “ಇನ್ನೊಂದ್ ಸಲ ಆ ಬಟನ್ ಒತ್ತಿದ್ಯೋ, ಈ ಕುರ್ಚಿಗೆ ಬೇರೆಯವರನ್ನ ನೋಡ್ತೆ.” ಆ ಕಾಯಿಗಳನ್ನೆಲ್ಲ ಮನೆಮನೆಗೆ ತಿರುಗಿ ಮುಟ್ಟಿಸುವಷ್ಟರಲ್ಲಿ ಅಜಯನ ಟೆಂಪೋದ ಟಯರು ಸವೆದು ಕೈಬಳೆಯಷ್ಟಾಗಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ, ಮೀನು ಮಾರುವ ನಾಗಕ್ಕ ಬಾಗಿಲಲ್ಲೇ ಕೂಗಿದಳು. ನಾಗಕ್ಕ ಇಲ್ಲಿ ಕೂಗಿದರೆ ಮುರ್ಡೇಶ್ವರದಲ್ಲಿ ಕಾಗೆ ಹಾರುತ್ತವೆ.

“ದೀಪಾ, ನಿನ್ನಜ್ಜನ ರಂಪಣಿಗೆ ಬಂಗಡೆ ಬಿದ್ದಿದೆ ಮಾರಾಯ್ತಿ! ಸಮುದ್ರದಲ್ಲಿ ಬೀಜಕ್ಕೆ ಅಂತ ಒಂದೂ ಉಳೀಲಿಲ್ಲ! ಎಳೆಯೂಕೆ ಜನ ಇಲ್ಲ!”

ದೀಪಾ ಕಿಟಕಿಗೆ ಓಡಿದಳು. ರಂಪಣಿಯೆಂದರೆ ಒಬ್ಬಿಬ್ಬರ ಬಲೆಯಲ್ಲ. ದೋಣಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂದಮೇಲೆ, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಊರಿಗೆ ಊರೇ ಎಳೆಯಬೇಕು. ಅವತ್ತು ತಂಡದ ಮುಕ್ಕಾಲು ಜನ ಕಾಯ್ಕಿಣಿಯ ಮದುವೆಗೆ ಹೋಗಿದ್ದರು. ಉಳಿದ ನಾಲ್ಕಾರು ಮುದುಕರ ಜೊತೆ ಅವಳಜ್ಜ ತಿಮ್ಮಜ್ಜ ಸೊಂಟಕ್ಕೆ ಹಗ್ಗ ಸುತ್ತಿ, ಮರಳಲ್ಲಿ ಹಿಮ್ಮಡಿ ಊರಿ ನಿಂತಿದ್ದ. ಅವರು ಮೀನು ಎಳೆಯುತ್ತಿರಲಿಲ್ಲ, ಮೀನೇ ಅವರನ್ನು ಅರಬ್ಬಿ ಸಮುದ್ರಕ್ಕೆ ಎಳೆಯುತ್ತಿತ್ತು.

ಇಳಿತ ಶುರುವಾದರೆ ನೀರಿನ ಸೆಳೆತಕ್ಕೆ ಬಲೆ ಹರಿಯುತ್ತದೆ. ಅಜ್ಜ, ಅಜ್ಜಿ ಸೇರಿ ಜಗುಲಿಯಲ್ಲಿ ಕೂತು ಹೆಣೆದ ಬಲೆ ಅದು. ಈಗ ಅಜ್ಜಿ ಇಲ್ಲ. ಅಜ್ಜನಿಗೆ ಮತ್ತೆ ಹೆಣೆಯುವ ಕಣ್ಣೂ ಇಲ್ಲ.

“ಎಂತ ನೋಡ್ತೀ? ಒತ್ತು ಆ ಬಟನ್ನ!”

“ಕೆಲ್ಸ ಹೋಗ್ತದೆ ನಾಗಕ್ಕ.”

“ಹೋದ್ರೆ ನನ್ ಸಂಗ್ತಿ ಬುಟ್ಟಿ ಹೊರು. ನನ್ ಗಂಟಲಿಗೆ ಮೀನೇ ಎದ್ದು ಗಿರಾಕಿ ಮನೆಗೆ ನಡಕಂಡು ಹೋಗ್ತದೆ.”

ದೀಪಾಳ ಬೆರಳು ಗಾಳಿಯಲ್ಲಿ ನಿಂತಿತು. ಅಷ್ಟರಲ್ಲಿ ಅಲ್ಲಿ ಅಜ್ಜ ಮೊಣಕಾಲೂರಿ ಬಿದ್ದ, ಹಗ್ಗ ಮಾತ್ರ ಬಿಡಲಿಲ್ಲ. ದೀಪಾ ಬರೆದಳು: ‘ತಿಮ್ಮಜ್ಜನ ರಂಪಣಿಗೆ ಬಂಗಡೆ ಬಿದ್ದಿದೆ. ಕೈ ಸಾಲ್ತಿಲ್ಲ. ಹಗ್ಗ ಮುಟ್ಟಿದವರಿಗೆಲ್ಲ ಪಾಲು.’ ಕಣ್ಣು ಮುಚ್ಚಿ ಎಲ್ಲರಿಗೂ ಒತ್ತಿದಳು.

ಪಾಲಿನ ಮಾತು ಅವಳು ಕಟ್ಟಿದ್ದಲ್ಲ, ರಂಪಣಿಯ ಹಳೇ ಪದ್ಧತಿಯೇ ಅದು. ಫೋನು ಬಿಸಿದೋಸೆಯ ಕಾವಲಿಯಾಯಿತು. ಕುಮಟೆಯ ಪೇಟೆಯಿಂದ ಮೊದಲ ಉತ್ತರ: ‘ಮುಟ್ಟಿದ್ರೆ ಸಾಕಾ, ಎಳೀಲೇಬೇಕಾ?’

ಆಮೇಲೆ ಬಂದರು ನೋಡಿ! ಭಟ್ಕಳದ ಐಸ್ ಲಾರಿ ತನ್ನ ಹಾರ್ನಿಗಿಂತ ಮೊದಲು ತಾನೇ ಬಂತು. ವಾಲಿಬಾಲ್ ಟೀಮು ನೆಟ್ಟು ಬಿಚ್ಚದೆ ಕಂಬದ ಸಮೇತ ಬಂತು. ಕಾಯ್ಕಿಣಿಯ ಮದುವೆಮನೆ ದಿಬ್ಬಣವಾಗಿ ಬಂತು. ಮದುಮಗ ಬಾಸಿಂಗದಲ್ಲೇ ಹಗ್ಗ ಹಿಡಿದ, ಮದುಮಗಳು ಅವನಿಗಿಂತ ಮುಂದೆ ನಿಂತು ಹಿಡಿದಳು. ಹಗ್ಗದ ಬಾಲ ಹೆದ್ದಾರಿ ದಾಟಿತು. ದಾರಿ ಸಿಗದೆ ನಿಂತ ಕುಮಟೆಯ ಬಸ್ಸಿನಿಂದ ಜನ ಇಳಿದು ಅವರೂ ಎಳೆದರು, ಕಂಡಕ್ಟರು “ಹಿಂದೆ ಸರೀರಿ, ಹಿಂದೆ ಸರೀರಿ” ಎನ್ನುತ್ತ ತಾಳ ಕೊಟ್ಟ.

ಆಗ ಬಂದರು ಮಧುಸೂದನರು, ಮುಖ ಕೆಂಡ. “ಎಲ್ಲಿ ಅವಳು? ದೀಪಾ! ನಾ ಎಂತ ಹೇಳಿದ್ದೆ ನಿಂಗೆ?”

“ಬೈಯೂದು ಆಮೇಲೆ, ಹಿಡೀರಿ ಮೊದ್ಲು!” ನಾಗಕ್ಕ ಹಗ್ಗವನ್ನು ಅವರ ಕೈಗೆ ತುರುಕಿದಳು. ಬಿಟ್ಟರೆ ಹಿಂದಿನವರೆಲ್ಲ ಬೀಳುತ್ತಾರೆ, ಹಿಡಿದರೆ ಬೈಯಲು ಉಸಿರಿಲ್ಲ. ಹಿಡಿದರು. ದೀಪಾ ಅವರ ಬೆನ್ನಿಗೇ ನಿಂತು ಹಿಡಿದಳು. “ಐಸಾ!” ಎಂದರೆ “ಹೈಸಾ!” ಎಂದು ಗೋಕರ್ಣದವರೆಗೂ ಕೇಳಿತು.

ಬಲೆ ದಡಕ್ಕೆ ಬಂತು, ಒಂದು ಕಣ್ಣೂ ಹರಿಯದೆ. ಬಂಗಡೆಯ ರಾಶಿ ಎದ್ದ ಎತ್ತರಕ್ಕೆ ಸೂರ್ಯ ಕಾಣದೆ ಕೋಳಿಗಳು ಗೂಡಿಗೆ ಹೋದವು. ತಿಮ್ಮಜ್ಜ ಬಲೆಯನ್ನು ಕೈಯಾಡಿಸಿ ನೋಡಿದ, ಗಂಟು ಗಂಟಾಗಿ. ಆಮೇಲೆ ಎರಡು ಕೈ ತುಂಬ ಬಂಗಡೆ ಎತ್ತಿ ಅಧ್ಯಕ್ಷರ ಪಂಚೆಗೆ ಸುರಿದ.

“ನಂಗೆಂತಕ್ಕೆ ತಿಮ್ಮಣ್ಣ?”

“ಹಗ್ಗ ಮುಟ್ಟಿದ್ಯಲ, ನಿನ್ ಪಾಲು.”

ಪಂಚೆ ತುಂಬ ಪಾಲು ಹಿಡಿದುಕೊಂಡು ಯಾರನ್ನು ಬೈಯುವುದು? ಮಧುಸೂದನರು ಕೆಮ್ಮಿದರು. ಅಷ್ಟರಲ್ಲಿ ಮದುವೆಮನೆಯ ಅಡಿಗೆಯವರು ಹಂಡೆ ತಂದು ಮರಳಲ್ಲೇ ಒಲೆ ಹೂಡಿದ್ದರು. ನಾಗಕ್ಕ ಸೆರಗು ಕಟ್ಟಿ ಹಂಡೆಯೊಳಗೆ ಇಣುಕಿದಳು.

“ಬಂಗಡೆ ಆತು, ಮೆಣಸು ಆತು, ಹುಳಿ ಆತು. ಕಾಯಿ ಎಲ್ಲಿ?”

ಎಲ್ಲರೂ ಅಧ್ಯಕ್ಷರತ್ತ ತಿರುಗಿದರು. ಅಧ್ಯಕ್ಷರು ದೀಪಾಳತ್ತ ತಿರುಗಿದರು.

“ದೀಪಾ... ಆ ಹಳೇ ಮೆಸೇಜು ಅಳಿಸಿದ್ಯಾ?”

“ಇಲ್ಲ ಸರ್. ಹಾಗೇ ಉಂಟು.”

“ಹಾಕು ಮತ್ತೆ.”

“ಯಾವ ಚಾನೆಲ್‌ಗೆ ಸರ್?”

ಮಧುಸೂದನರು ಪಂಚೆಯ ಬಂಗಡೆ ನೋಡಿದರು, ಹಂಡೆ ನೋಡಿದರು. “ಎಲ್ಲರಿಗೂ,” ಎಂದರು.

ಮರುಕ್ಷಣ ದಡದ ಉದ್ದಕ್ಕೂ ಎಲ್ಲರ ಜೇಬು, ಸೊಂಟ, ಬುಟ್ಟಿಗಳಲ್ಲಿ ಫೋನುಗಳು ಒಟ್ಟಿಗೇ ಟಿಣ್ ಎಂದವು. ಜನ ಓದಿದರು, ನಕ್ಕರು, ಎರಡೆರಡು ಕಾಯಿಗೆ ದಿಕ್ಕುದಿಕ್ಕಿಗೆ ಓಡಿದರು. ಮಧುಸೂದನರು ಈ ಸಲ ಗೋಡೆಯ ಹತ್ತಿರವೂ ಸುಳಿಯದೆ ನಟ್ಟನಡು ಬಯಲಲ್ಲಿ ಮರಳ ಮೇಲೆ ಕೂತರು. ಅವರಿಗೆ ಕೂರಲೆಂದು ಯಾರೋ ಆಫೀಸಿನಿಂದ ಆ ಕುರ್ಚಿಯನ್ನೇ ತಂದಿದ್ದರು ನಿಜ, ಅದರಲ್ಲಿ ದೀಪಾ ಕೂತಿದ್ದಳು.