ನಾಯಿ ಮೇಷ್ಟ್ರ ಖಾಲಿ ಮುಷ್ಟಿ

ನಾಯಿ ಮೇಷ್ಟ್ರ ಶಾಲೆಯಲ್ಲಿ ಪೆಟ್ಟಿಲ್ಲ, ಬೈಗುಳವಿಲ್ಲ, ಆದರೆ ಜೇಬಿನ ತಪಾಸಣೆ ಉಂಟು. ನಾಯಿಗೆ ಜೇಬೆಲ್ಲಿಂದ ಬರಬೇಕು, ತಪಾಸಣೆಯೆಲ್ಲ ನಾಯಿಯನ್ನು ಕರೆತಂದವರಿಗೆ. ಗ್ಯಾರೇಜುಗಳ ಸಾಲಿನ ಹಿಂದೆ ತಂತಿಬೇಲಿ ಹಾಕಿದ ಆ ಬಯಲಿಗೆ ಯಾರೇ ಬರಲಿ, ಗೇಟಿನಲ್ಲೇ ತಡೆದು, "ತುತ್ತು ತಂದಿದೀರಾ? ತೋರಿಸಿ" ಎನ್ನುತ್ತಾರೆ. ಒಣಗಿಸಿದ ಮಾಂಸದ ಚೂರೋ ಬಿಸ್ಕತ್ತಿನ ತುಂಡೋ ಏನಾದರೊಂದು ಇರಲೇಬೇಕು. ಇಲ್ಲದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಬಂದ ದಾರಿಗೆ ಸುಂಕವಿಲ್ಲ.

"ಖಾಲಿ ಮುಷ್ಟಿ ತೋರಿಸಿ ಕರೀಬೇಡಿ" ಎನ್ನುವುದು ಅವರ ಮೊದಲ ಪಾಠ. "ಒಂದು ಸಲ ಮೋಸ ಮಾಡಿದ್ರೆ ನಾಯಿ ಕ್ಷಮಿಸುತ್ತೆ. ಹತ್ತು ಸಲ ಮಾಡಿದ್ರೂ ಕ್ಷಮಿಸುತ್ತೆ. ಆದ್ರೆ ನಂಬೋದನ್ನ ಬಿಟ್ಟುಬಿಡುತ್ತೆ. ನಂಬದ ನಾಯಿಗೆ ಏನು ಕಲಿಸ್ತೀರಿ?" ಹೇಳಿದಂತೆ ನಾಯಿ ಕೂತ ಕೂಡಲೇ "ಭೇಷ್" ಅನ್ನಬೇಕು, ಆ ಮಾತು ಬಾಯಲ್ಲಿರುವಾಗಲೇ ತುತ್ತು ನಾಯಿಯ ಬಾಯಲ್ಲಿರಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

"ಎಷ್ಟು ಕಲಿಸಿದ್ರೂ ನಾಯಿ ಬಾಲ ಡೊಂಕೇ ಅಲ್ವಾ ಮೇಷ್ಟ್ರೇ?" ಎಂದು ಗ್ಯಾರೇಜಿನವರು ಕಾಲೆಳೆಯುತ್ತಾರೆ. "ಬಾಲ ನನ್ನ ಸಿಲಬಸ್ಸಲ್ಲಿ ಇಲ್ಲ ಕಣಯ್ಯಾ" ಎಂದು ಇವರೂ ಬಿಡುವುದಿಲ್ಲ.

ಆ ಸಂಜೆ ಅಂಚೆ ಕಚೇರಿಯ ಮೇಡಂ ಒಬ್ಬರು ಒಂದು ಕಂದು ನಾಯಿಯನ್ನು ಕರೆತಂದಿದ್ದರು. ಯಾರದೋ ಮನೆಯಲ್ಲಿ ಬೆಳೆದು, ಬೀದಿಗೆ ಬಿದ್ದು, ಈಗ ಇವರ ಪಾಲಿಗೆ ಬಂದ ಹೆಣ್ಣು ನಾಯಿ. ಕೂರು ಎಂದರೆ ಕೂತಿತು. ಮೇಷ್ಟ್ರು "ಭೇಷ್" ಎಂದು ತುತ್ತನ್ನು ಮೂಗಿನ ಹತ್ತಿರವೇ ಹಿಡಿದರು. ಅದು ತುತ್ತಿನ ಕಡೆ ನೋಡಲಿಲ್ಲ. ಕತ್ತು ತಗ್ಗಿಸಿ ಅವರ ಬೂಟುಗಳನ್ನೇ ನೋಡುತ್ತಿತ್ತು.

"ಹಸಿವಿಲ್ವೇನೋ" ಎಂದರು ಮೇಡಂ.

"ಹೊಟ್ಟೆ ತುಂಬ ಹಸಿವಿದೆ, ನಂಬಿಕೆ ಇಲ್ಲ. ಇದು ಬೆಳೆದ ಮನೇಲಿ ಒಂದೇ ಕೈ ಒಂದು ದಿನ ಅನ್ನ ಹಾಕಿದೆ, ಇನ್ನೊಂದು ದಿನ ಹೊಡೆದಿದೆ. ಯಾವತ್ತು ಏನು ಅಂತ ಪಾಪ ಇದಕ್ಕೆ ಲೆಕ್ಕ ಸಿಕ್ಕಿಲ್ಲ. ಕೈ ನೋಡಿ ಏನೂ ಗೊತ್ತಾಗಲ್ಲ ಅಂದ್ಮೇಲೆ ಕೈ ಯಾಕೆ ನೋಡ್ಬೇಕು? ಒದೆ ಬರೋದು ಕಾಲಿಂದ, ಅದಕ್ಕೇ ಕಾಲು ಕಾಯುತ್ತೆ. ಇದು ದಡ್ಡ ನಾಯಿ ಅಲ್ಲ ಮೇಡಂ. ಇದರ ಬುದ್ಧಿಯೆಲ್ಲ ಕಾಲು ಕಾಯೋದ್ರಲ್ಲೇ..."

ಮಾತು ಅಲ್ಲಿಗೇ ನಿಂತಿತು. ಗೇಟಿನ ಬಳಿ ಮಗಳು ಬಂದು ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮುಗಿಸಿ ನೇರ ಬಂದಿದ್ದರಿಂದ ತೋಳಿನವರೆಗೂ ಸೋಪಿನ ವಾಸನೆ. ಅವಳು ಮೊದಲು ಅಪ್ಪನ ಕಾಲು ನೋಡಿದಳು. ಎರಡೂ ನೆಲದ ಮೇಲೆ ಗಟ್ಟಿಯಾಗಿವೆಯೇ ಎಂದು ಖಾತ್ರಿ ಮಾಡಿಕೊಂಡವಳಂತೆ, ಆಮೇಲೆ ಮುಖ ನೋಡಿದಳು. ಅವಳು ಹುಡುಗಿಯಾಗಿದ್ದಾಗಿನಿಂದ ಹೀಗೇ ನೋಡುತ್ತ ಬಂದಿದ್ದಳು. ನಾಯಿಗಳ ಕಣ್ಣು ಎತ್ತ ಹೊರಳಿತೆಂದು ಓದಬಲ್ಲ ಮೇಷ್ಟ್ರು ಮಗಳ ಈ ನೋಟವನ್ನು ಗುರುತಿಸಿದ್ದು ಅವತ್ತೇ ಮೊದಲು. ಕೈಯಲ್ಲಿದ್ದ ತುತ್ತು ಬೆವರಿಗೆ ಮೆತ್ತಗಾಯಿತು.

ಮೇಷ್ಟ್ರು ಈ ವಿದ್ಯೆ ಕಲಿತದ್ದು ಕುಡಿತ ಬಿಟ್ಟ ಮೇಲೆ, ಕುಡಿತ ಬಿಟ್ಟದ್ದು ಹೆಂಡತಿ ತೀರಿಕೊಂಡ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ಅದಕ್ಕೆ ಮೊದಲು ಲಾರಿ ಓಡಿಸುತ್ತಿದ್ದರು. ಸಂಜೆ ಗೆಳೆಯರ ಜೊತೆ ಮನೆಗೆ ಬಂದು, ಬಾಗಿಲಲ್ಲೇ ಎರಡು ಮುಷ್ಟಿ ಚಾಚಿ, "ಯಾವ ಕೈಯಲ್ಲಿದೆ ಹೇಳು ಮಗಳೇ" ಎನ್ನುತ್ತಿದ್ದರು. ಒಂದು ದಿನ ಪೆಪ್ಪರ್‌ಮಿಂಟು ಇರುತ್ತಿತ್ತು. ಒಂದು ದಿನ ಎರಡೂ ಕೈ ಖಾಲಿ, ಗೆಳೆಯರೆಲ್ಲ ಗೊಳ್ಳೆಂದು ನಗುತ್ತಿದ್ದರು. ಇನ್ನೊಂದು ದಿನ ಅದೇ ಮುಷ್ಟಿ ಬೆನ್ನ ಮೇಲೆ ಬೀಳುತ್ತಿತ್ತು, ಯಾಕೆಂದು ಹೊಡೆದವರಿಗೇ ಗೊತ್ತಿರುತ್ತಿರಲಿಲ್ಲ. ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಹುಡುಗಿ ಯಾವ ಕೈ ಎಂದು ಹೇಳುವುದನ್ನೇ ಬಿಟ್ಟಳು. ಬಾಗಿಲ ಪಕ್ಕ ನಿಂತು, ಅಪ್ಪನ ಕಾಲು ತೂರಾಡುತ್ತಿದೆಯೋ ಇಲ್ಲವೋ ಎಂದಷ್ಟೇ ನೋಡಿ ಒಳಗೆ ಹೋಗುತ್ತಿದ್ದಳು.

"ನನ್ನ ಮಗಳು ಬಂಗಾರ ಕಣ್ರೋ, ಅದು ಬೇಕು ಇದು ಬೇಕು ಅಂತ ಒಂದು ದಿನಾನೂ ಪೀಡಿಸಿದೋಳಲ್ಲ" ಎಂದು ಇವರು ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡಿದ್ದರು. ಇವತ್ತು ಆ ಮಾತು ನೆನಪಾಗಿ ಅವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮೇಡಂ ಹೋದ ಮೇಲೆ ಮಗಳು ತಾನು ಬಂದ ಕಾರಣ ಹೇಳಿದಳು. ಮಕ್ಕಳ ವಾರ್ಡಿನಲ್ಲಿ ಸಹಾಯಕಿಯಾಗುವ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು. ಕ್ಲಾಸು ಮಧ್ಯಾಹ್ನದ ಮೇಲೆ. ಮೊಮ್ಮಗಳನ್ನು ಶಾಲೆಯಿಂದ ಕರೆತಂದು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತಿದ್ದಳು. ಬೇರೆ ಯಾರೂ ಸಿಗದಿದ್ದರೆ ಸೀಟು ಬಿಟ್ಟುಕೊಡಬೇಕು.

"ನಾನಿದೀನಲ್ಲ" ಎಂದರು ಮೇಷ್ಟ್ರು.

"ನೋಡೋಣ" ಎಂದಳು ಮಗಳು.

ಸುಖಕ್ಕೂ ದುಃಖಕ್ಕೂ ಅವಳಿಗೆ ಅದೊಂದೇ ಮಾತು. ಮದುವೆಗೆ ಒಪ್ಪುವಾಗಲೂ "ನೋಡೋಣ" ಎಂದಿದ್ದಳು, ಗಂಡ ಬಿಟ್ಟುಹೋದಾಗಲೂ ಅದನ್ನೇ ಹೇಳಿದ್ದಳು. ಮೊಮ್ಮಗಳನ್ನು ಅವಳು ಇಲ್ಲಿಯವರೆಗೆ ಒಂದೇ ಒಂದು ಸಂಜೆಯೂ ಇವರ ಹತ್ತಿರ ಬಿಟ್ಟುಹೋಗಿರಲಿಲ್ಲ. ಕರೆತರುತ್ತಿದ್ದಳು, ಪಕ್ಕದಲ್ಲೇ ಕೂರುತ್ತಿದ್ದಳು, ಕರೆದುಕೊಂಡು ಹೋಗುತ್ತಿದ್ದಳು. ಯಾಕೆಂದು ಇವರು ಕೇಳಿರಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ತರಬೇತಿ ಶುರುವಾಗಿ ಒಂದು ವಾರವಾದ ಮೇಲೆ ಅವಳು ಮತ್ತೆ ಬಂದಳು. ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ ಕಾಲು ಚಾಚಿದಳು. ಕಂದು ನಾಯಿ ಮೂಲೆಯಲ್ಲಿ ಮಲಗಿತ್ತು. ಮೇಡಂ ಅದನ್ನು ಸಂಜೆ ಹೊತ್ತು ಇಲ್ಲೇ ಬಿಟ್ಟುಹೋಗುತ್ತಿದ್ದರು.

"ಇವತ್ತು ಡಾಕ್ಟರಮ್ಮ ಒಂದು ಪಾಠ ಮಾಡಿದ್ರು. ಮಿದುಳಲ್ಲಿ ಒಂದು ಜಾಗ ಇದೆಯಂತೆ ಅಪ್ಪಾ. ಏನೋ ಒಳ್ಳೇದು ಬರ್ತಿದೆ ಅಂತ ಗೊತ್ತಾದ್ರೆ, ಬರೋಕೆ ಮುಂಚೇನೇ ಆ ಜಾಗ ಗೆಲುವಾಗುತ್ತಂತೆ. ಯಾವುದು ಮಾಡಿದ್ರೆ ಏನು ಸಿಗುತ್ತೆ ಅಂತ ಕಲಿಯೋದೂ ಅಲ್ಲಿಂದಲೇ ಅಂತೆ. ಚಿಕ್ಕಂದಿನಲ್ಲಿ ಹೊಡೆತ ಬಡಿತ, ಹೆದರಿಕೆ ಇದ್ದ ಮನೇಲಿ ಬೆಳೆದವರಲ್ಲಿ ಎಷ್ಟೋ ಜನಕ್ಕೆ ಆ ಜಾಗ ಮಂಕಾಗಿರುತ್ತಂತೆ. ಬಹುಮಾನ ತೋರಿಸಿದ್ರೂ ಅಷ್ಟಾಗಿ ಏಳಲ್ವಂತೆ."

ಮೇಷ್ಟ್ರು ಕಂದು ನಾಯಿಯ ಕಡೆ ನೋಡಿದರು.

"ನನಗೆ ಹಾಗೇ ಅನ್ಸುತ್ತೆ. ಟೀಚರ್ ಚೆನ್ನಾಗಿ ಮಾಡಿದೆ ಅಂದ್ರೆ ಯಾರಿಗೋ ಹೇಳಿದ ಹಾಗಿರುತ್ತೆ, ಏನೂ ಉಳಿಯಲ್ಲ. ಬೈದ್ರೆ ಮಾತ್ರ ಉಳಿಯುತ್ತೆ. ಸ್ಕೂಲಲ್ಲೂ ಬೈಸಿಕೊಂಡಿದ್ದನ್ನ ಮಾತ್ರ ಕಲಿತೆ. ಇಲ್ಲಿ ಇಟ್ಟ ಸಣ್ಣ ಪರೀಕ್ಷೇಲಿ ಮೊದಲ ಸಲ ಫೇಲಾದೆ, ಇವತ್ತು ಮತ್ತೆ ಬರೆದು ಪಾಸಾದೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು ಬಸ್ಸಿನ ಟೈಮ್ ನೋಡ್ತಿದ್ದೆ."

ಅವಳು ದೂರು ಹೇಳುತ್ತಿರಲಿಲ್ಲ, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. ಅದೇ ಮೇಷ್ಟ್ರಿಗೆ ಇನ್ನೂ ಕಷ್ಟವಾಯಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಏನಾದರೂ ಮಾಡಬೇಕು, ಈಗಲೇ ಮಾಡಬೇಕು, ತಡವಾದರೆ ಯಾವುದಕ್ಕೆ ಸಿಕ್ಕಿತು ಎಂದು ಗೊತ್ತಾಗುವುದಿಲ್ಲ ಎನ್ನಿಸಿ, ಅವರ ಬಾಯಿಯಿಂದ ತಾನಾಗಿಯೇ, "ಪಾಸಾದೆಯಾ? ಭೇಷ್!" ಎಂದು ಬಂತು. ವರ್ಷಾನುಗಟ್ಟಲೆ ರೂಢಿಯಾದ ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಯಿತು. ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಒಣ ಮಾಂಸದ ಚೂರಿತ್ತು, ಅದು ಮಗಳ ಮೂಗಿನ ಮುಂದಿತ್ತು.

ಇಬ್ಬರೂ ಆ ಚೂರನ್ನೇ ನೋಡಿದರು.

"ನಾನೇನು ನಾಯೀನಾ ಅಪ್ಪಾ?"

"ಅಯ್ಯೋ... ಕೈತಪ್ಪಿ... ನಾನು ಹಾಗಲ್ಲ ಕಣಮ್ಮಾ..."

ಮಗಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಆ ನೀರು ನಗುವಿನದೋ ಅಲ್ಲವೋ ತಿಳಿಯದಂತಾಯಿತು. ಅವಳು ಚೂರನ್ನು ತೆಗೆದುಕೊಂಡು ಕಂದು ನಾಯಿಗೆ ಚಾಚಿದಳು. ಅದು ಅವಳ ಕಾಲು ನೋಡಿತು. ಅವಳು ಚೂರನ್ನು ನೆಲದ ಮೇಲಿಟ್ಟು ದೂರ ಸರಿದು ಕೂತಳು.

"ಇಂಥವು ಸರಿ ಹೋಗ್ತಾವಾ ಅಪ್ಪಾ?" ಎಂದು ಕೇಳಿದಳು.

"ಹೋಗ್ತಾವೆ. ನಿಧಾನ. ಬೇರೆ ನಾಯಿ ಒಂದು ವಾರಕ್ಕೆ ಕಲಿಯೋದನ್ನ ಇದು ಆರು ತಿಂಗಳಿಗೆ ಕಲಿಯುತ್ತೆ. ಅಷ್ಟೂ ದಿನ ನಾವು ಒಂದು ಸಲಾನೂ ತಪ್ಪಬಾರದು."

"ಡಾಕ್ಟರಮ್ಮನೂ ಹಾಗೇ ಅಂದ್ರು" ಎಂದು ಮಗಳು ಚಪ್ಪಲಿ ಮೆಟ್ಟಿಕೊಂಡಳು. ಗೇಟಿನವರೆಗೆ ಹೋದವಳು ತಿರುಗಿ, "ನಾಳೆ ಕ್ಲಾಸಿಗೆ ತಡವಾದ್ರೂ ಸರಿ, ನಾನೇ ಮಗೂನ ತಂದು ಬಿಟ್ಟು ಹೋಗ್ತೀನಿ. ಒಂದು ಸಂಜೆ ಅಷ್ಟೇ. ನೋಡೋಣ" ಎಂದಳು.

ಮರುದಿನ ಮೇಷ್ಟ್ರು ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಬಂದದ್ದನ್ನು ನೋಡಿ ಗ್ಯಾರೇಜಿನವರು, "ಹೆಣ್ಣು ನೋಡೋಕೆ ಹೊರಟ್ರಾ ಮೇಷ್ಟ್ರೇ?" ಎಂದರು. ಇವರು ನೇರ ಬಯಲಿನ ಗೇಟಿಗೆ ನಡೆದರು. ಜೇಬಿನ ತುಂಬ ಪೆಪ್ಪರ್‌ಮಿಂಟು ತುಂಬಿಕೊಂಡಿದ್ದರು. ಇವತ್ತು ತಪ್ಪಿದರೆ ಮಗಳ ಸೀಟು ಹೋಯಿತು, ಮೊಮ್ಮಗಳೂ ಕೈತಪ್ಪಿದಳು ಎಂದು ಮತ್ತೆ ಮತ್ತೆ ಜೇಬು ತಟ್ಟಿ ನೋಡಿಕೊಳ್ಳುತ್ತಿದ್ದರು.

ಮೊಮ್ಮಗಳಿಗೆ ಆರು ವರ್ಷ. ಒಂದು ಗಳಿಗೆ ಕೂತಲ್ಲಿ ಕೂರದ, ಕೇಳಿದ್ದನ್ನೇ ಮೂರು ಸಲ ಕೇಳುವ ಮಾತಿನ ಮಲ್ಲಿ. ಅಮ್ಮ ಅತ್ತ ಹೋದದ್ದೇ ನಾಯಿಗಳಿಗೆಲ್ಲ ಹೆಸರಿಟ್ಟಳು, ಹಗ್ಗ ಜಗ್ಗಿದಳು, ನೀರಿನ ಬಕೆಟ್ಟು ಚೆಲ್ಲಿದಳು. ಆಮೇಲೆ ತಾತನ ಉಬ್ಬಿದ ಜೇಬು ನೋಡಿ, "ಏನಿದೆ ಅದ್ರಲ್ಲಿ?" ಎಂದಳು.

ಮೇಷ್ಟ್ರು ಬೆನ್ನು ತಿರುಗಿಸಿ ಜೇಬಿಗೆ ಕೈ ಹಾಕಿ, ಮತ್ತೆ ಅವಳ ಕಡೆ ತಿರುಗಿ ಎರಡು ಮುಷ್ಟಿಯನ್ನೂ ಮುಂದೆ ಚಾಚಿದರು. "ಯಾವ ಕೈ ಹೇಳು" ಎಂದರು.

ಹುಡುಗಿ ಎಡಗೈ ತಟ್ಟಿದಳು. ಪೆಪ್ಪರ್‌ಮಿಂಟು ಇತ್ತು. ಮತ್ತೊಮ್ಮೆ ಬಲಗೈ ತಟ್ಟಿದಳು, ಅಲ್ಲೂ ಇತ್ತು. ಮೂರನೇ ಸಲವೂ ಸಿಕ್ಕಾಗ ಅವಳು ಹುಬ್ಬು ಗಂಟಿಕ್ಕಿ, ತಾತನ ಇನ್ನೊಂದು ಮುಷ್ಟಿಯನ್ನೂ ಬೆರಳು ಬೆರಳಾಗಿ ಬಿಡಿಸಿದಳು.

"ಮೋಸ! ಎರಡರಲ್ಲೂ ಇಟ್ಕೊಂಡಿದೀಯ! ತಾತ, ಒಂದು ಖಾಲಿ ಇರ್ಬೇಕು. ಇಲ್ದಿದ್ರೆ ಇದು ಆಟಾನೇ ಅಲ್ಲ."

"ಖಾಲಿ ಕೈ ಸಿಕ್ಕಿದ್ರೆ ನಿನಗೆ ಬೇಜಾರಾಗಲ್ವಾ ಪುಟ್ಟಾ?"

"ಆಗುತ್ತೆ" ಎಂದಳು ಹುಡುಗಿ, ಇದೆಂಥ ದಡ್ಡ ಪ್ರಶ್ನೆ ಎನ್ನುವಂತೆ. "ಆಮೇಲೆ ನೀನು ಇನ್ನೊಂದು ಕೈ ಕೊಡ್ತೀಯಲ್ಲ?"

ಮೇಷ್ಟ್ರು ಮಗುವಿನ ಮುಖವನ್ನೇ ನೋಡಿದರು. ಖಾಲಿ ಕೈಗೆ ಹೆದರದ ಈ ಧೈರ್ಯ ಮಗುವಿಗೆ ಎಲ್ಲಿಂದ ಬಂತು? ಬರ್ತೀನಿ ಎಂದರೆ ಬಂದು, ಕೊಡ್ತೀನಿ ಎಂದರೆ ಕೊಟ್ಟು, ಒಂದು ದಿನವೂ ತಪ್ಪದೆ ಇದನ್ನು ಬೆಳೆಸಿದವಳು ಯಾರು? ಅವಳೇ ಕಾಣದ ಸುಖವನ್ನು ಮಗುವಿಗೆ ಎಲ್ಲಿಂದ ತಂದು ಕೊಟ್ಟಳು? ತಾನು ನಾಯಿಗಳಿಗೆ ಕೊಟ್ಟದ್ದರ ಕಾಲು ಭಾಗವನ್ನೂ ಮಗಳಿಗೆ ಕೊಟ್ಟಿರಲಿಲ್ಲ. ಆ ಪಾಪ ಯಾವ ಪೆಪ್ಪರ್‌ಮಿಂಟಿನಿಂದಲೂ ಕರಗುವಂಥದ್ದಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತಲೆಯೆತ್ತಿದಾಗ ಮಗಳು ಗ್ಯಾರೇಜಿನ ಗೋಡೆಯ ಮರೆಯಿಂದ ಈಚೆ ಬರುತ್ತಿದ್ದಳು. ಕ್ಲಾಸಿಗೆ ಹೋಗಿರಲೇ ಇಲ್ಲ. ಅಷ್ಟು ಹೊತ್ತೂ ಅಲ್ಲೇ ನಿಂತಿದ್ದಳು. ಮಗು ಓಡಿಹೋಗಿ ಅವಳ ಸೊಂಟ ತಬ್ಬಿತು.

ಮೇಷ್ಟ್ರು ಪೆಪ್ಪರ್‌ಮಿಂಟು ಹಿಡಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. "ನಿನಗೆ ಆ ಇನ್ನೊಂದು ಕೈಯನ್ನ ನಾನು ಯಾವತ್ತೂ ಕೊಡ್ಲಿಲ್ಲ ಕಣಮ್ಮಾ" ಎಂದರು.

"ಒಂದೊಂದು ಸಲ ಕೊಡ್ತಿದ್ದೆ ಅಪ್ಪಾ" ಎಂದಳು ಮಗಳು. ಸ್ವಲ್ಪ ಹೊತ್ತು ಮಗುವಿನ ಕೂದಲು ಸರಿ ಮಾಡಿದಳು. "ಅದೇ ಕಷ್ಟ ಆಗಿದ್ದು. ಒಂದು ಸಲಾನೂ ಕೊಡದೇ ಇದ್ದಿದ್ರೆ ಬೇಗ ಬಿಟ್ಟುಬಿಡ್ತಿದ್ದೆ. ಬಾಗಿಲ ಹತ್ರ ಅಷ್ಟು ವರ್ಷ ನಿಂತಿರ್ತಿರಲಿಲ್ಲ."

ಮೂಲೆಯಲ್ಲಿದ್ದ ಕಂದು ನಾಯಿ ಎದ್ದು ಮೈ ಕೊಡವಿತು. ಮೇಷ್ಟ್ರು ಅಳು ನುಂಗಿಕೊಂಡರು. ತಾನು ಅತ್ತರೆ ಅವಳು ಸಮಾಧಾನ ಹೇಳಬೇಕಾಗುತ್ತದೆ, ಆ ಕೆಲಸವನ್ನೂ ಅವಳ ತಲೆಗೆ ಕಟ್ಟಬಾರದು ಎನ್ನಿಸಿತು.

"ಸ್ಕೂಲು ಮೂರೂವರೆಗೆ ಬಿಡುತ್ತೆ. ಅವಳು ಹೊರಗೆ ಬರೋಕೆ ಮುಂಚೇನೇ ನೀನು ಗೇಟಲ್ಲಿ ನಿಂತಿರ್ಬೇಕು. ಅವಳು ನಿನ್ನ ಹುಡುಕೋ ಹಾಗಾಗಬಾರದು" ಎಂದಳು ಮಗಳು.

"ಮೂರಕ್ಕೇ ನಿಂತಿರ್ತೀನಿ."

"ನೋಡೋಣ" ಎಂದಳು ಅವಳು.

ನಾಯಿಗಳನ್ನೆಲ್ಲ ಅವರವರು ಕರೆದೊಯ್ದ ಮೇಲೆ ಮೇಷ್ಟ್ರು ಗೇಟಿಗೆ ಬೀಗ ಹಾಕಿ ಮುಂದೆ ನಡೆದರು. ಗ್ಯಾರೇಜುಗಳ ಉದ್ದಕ್ಕೂ ಚರಂಡಿಯ ಅಂಚಿಗೆ ಇಟ್ಟಿಗೆಯ ಸಾಲೊಂದಿತ್ತು. ಹಿಂದೆ ಮಗುವಿನ ಕೈ ಹಿಡಿದು ಬರುತ್ತಿದ್ದ ಮಗಳ ಕಣ್ಣು ಎಲ್ಲಿದೆಯೆಂದು ತಿರುಗಿ ನೋಡದೆಯೂ ಅವರಿಗೆ ಗೊತ್ತಿತ್ತು. ನೋಡಲಿ, ತಾನು ಬದುಕಿರುವಷ್ಟು ದಿನವೂ ನೋಡಲಿ ಎಂದುಕೊಂಡರು. ಇಟ್ಟಿಗೆಯ ಸಾಲಿಗೆ ಸರಿಯಾಗಿ, ಅವಳಿಗೆ ಚೆನ್ನಾಗಿ ಕಾಣುವಂತೆ, ಒಂದೊಂದೇ ಹೆಜ್ಜೆಯನ್ನು ನೇರವಾಗಿ ಇಡುತ್ತ ಮನೆಯವರೆಗೂ ನಡೆದರು.